ಕಿಡಿ ಹಾರುವ ಗಳಿಗೆ: ಇಗ್ನಿಷನ್ ಟೈಮಿಂಗ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ನೆಲೆಸಿರುವ ಹಾಸನ ಮೂಲದವನು. 1976ರ ಷೆವರ್ಲೆ ಕಮಾರೊ ಕಾರೊಂದನ್ನು ಕೊಂಡಿದ್ದೇನೆ. ಅದರ 350 ಘನ ಅಂಗುಲದ ವಿ8 ಎಂಜಿನ್‌ಗೆ ಹಿಂದಿನ ಮಾಲೀಕರು ದೊಡ್ಡ ಕ್ಯಾಮ್‌ಷಾಫ್ಟ್, ಹೊಸ ಪಿಸ್ಟನ್ ಹಾಗೂ ಹೊಸ ಕಾರ್ಬ್ಯುರೇಟರ್ ಹಾಕಿಸಿದ್ದಾರೆ. ಕಂಪ್ರೆಷನ್ ಸುಮಾರು 9.5 ಇದೆಯಂತೆ. ಹೆಡ್‌ಗಳೂ, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಎಚ್‌ಇಐ (ಎಲೆಕ್ಟ್ರಾನಿಕ್) ಡಿಸ್ಟ್ರಿಬ್ಯೂಟರೂ ಹಳೆಯವೇ. ಬಾನೆಟ್ ಕೆಳಗಿನ ಚೀಟಿಯಲ್ಲಿರುವಂತೆ ಐಡ್ಲಿಂಗ್‌ನಲ್ಲಿ 8 ಡಿಗ್ರಿಗೆ ಟೈಮಿಂಗ್ ಇಟ್ಟರೆ ಗಾಡಿ ಎಳೆಯುವುದಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಬಿಸಿಯೇರುತ್ತದೆ. ‘ಐಡ್ಲಿಂಗ್ ಅಂಕಿ ಮರೆತುಬಿಡು, ಟೋಟಲ್ 36 ಇಡು’ ಎಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ? ಆಗಸ್ಟ್‌ನಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಗಾಡಿಯನ್ನು ಸಿದ್ಧಪಡಿಸಬೇಕಾಗಿದೆ.

ಉತ್ತರ: ನಿಮ್ಮ ಗೆಳೆಯರು ತೋರಿಸಿರುವ ದಾರಿ ಸರಿಯಾಗಿದೆ. ಆದರೆ 36 ಎಂಬ ಅಂಕಿಯನ್ನು ಪರೀಕ್ಷಿಸದೆ ಒಪ್ಪಿಕೊಳ್ಳಬೇಡಿ, ಅದಕ್ಕೂ ಮೊದಲು ನಿಮ್ಮ ಎಂಜಿನ್‌ನ ಗುರುತುಗಳನ್ನೇ ನಂಬಬೇಡಿ.

ಚೀಟಿಯ 8 ಡಿಗ್ರಿ ಏಕೆ ಸಾಲದು ಎಂಬುದನ್ನು ಮೊದಲು ನೋಡೋಣ. ಕಿಡಿ ಹಾರಿದೊಡನೆ ಸಿಲಿಂಡರಿನಲ್ಲಿರುವ ಮಿಶ್ರಣವೆಲ್ಲ ಒಮ್ಮೆಲೇ ಉರಿಯುವುದಿಲ್ಲ. ಜ್ವಾಲೆ ಪ್ಲಗ್ಗಿನ ತುದಿಯಿಂದ ಹೊರಟು ಪಿಸ್ಟನ್ನಿನ ಮೇಲೆಲ್ಲ ಹರಡಲು ಕೆಲವು ಮಿಲಿಸೆಕೆಂಡು ಬೇಕು. ಪಿಸ್ಟನ್ ತುತ್ತತುದಿಯನ್ನು, ಅಂದರೆ ಟಿಡಿಸಿಯನ್ನು, ದಾಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿರುವಾಗ ಒತ್ತಡ ಶಿಖರಕ್ಕೇರಿದರೆ ಎಂಜಿನ್‌ಗೆ ಅತಿ ಹೆಚ್ಚು ಬಲ ಸಿಗುತ್ತದೆ. ಹೀಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿರಬೇಕು. ಟಿಡಿಸಿಗೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆಯೋ ಅದೇ ಅಡ್ವಾನ್ಸ್. 800 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ ತಿರುಗುವುದು 4.8 ಡಿಗ್ರಿ ಮಾತ್ರ. 6,000 ಆರ್‌ಪಿಎಂನಲ್ಲಿ ಅಷ್ಟೇ ಸಮಯದಲ್ಲಿ 36 ಡಿಗ್ರಿ ತಿರುಗುತ್ತದೆ. ವೇಗ ಏರಿದಂತೆ ಸಿಲಿಂಡರಿನೊಳಗಿನ ಸುಳಿಗಾಳಿಯೂ ಜೋರಾಗಿ ಜ್ವಾಲೆ ಚುರುಕಾಗುವುದರಿಂದ ಅಡ್ವಾನ್ಸನ್ನು ಕೊನೆಯವರೆಗೂ ಏರಿಸುತ್ತಲೇ ಹೋಗಬೇಕಾಗಿಲ್ಲ, ಸುಮಾರು 3,000 ಆರ್‌ಪಿಎಂ ನಂತರ ಅದು ಒಂದು ಮಟ್ಟದಲ್ಲಿ ನಿಂತರೆ ಸಾಕು. ಡಿಸ್ಟ್ರಿಬ್ಯೂಟರ್ ಒಳಗಿರುವ ಎರಡು ತೂಕಗಳು ಮತ್ತು ಎರಡು ಸ್ಪ್ರಿಂಗುಗಳು ಮಾಡುವ ಕೆಲಸ ಇದೇ.

ಇಲ್ಲಿ ಲೆಕ್ಕ ಹಾಕಿ ನೋಡಿ. ಆ ಕಾಲದ ಎಚ್‌ಇಐ ಡಿಸ್ಟ್ರಿಬ್ಯೂಟರಿನ ತೂಕಗಳು ಸಾಮಾನ್ಯವಾಗಿ ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿ ಆಸುಪಾಸು ಸೇರಿಸುತ್ತವೆ. ಐಡ್ಲಿಂಗ್‌ನಲ್ಲಿ 8 ಇಟ್ಟರೆ ಎರಡೂ ಸೇರಿ ಒಟ್ಟು, ಅಂದರೆ ‘ಟೋಟಲ್’, 28ಕ್ಕೆ ನಿಲ್ಲುತ್ತದೆ. ಅದೂ ಬಿಗಿಯಾದ ಸ್ಪ್ರಿಂಗುಗಳ ದೆಸೆಯಿಂದ 4,000 ಆರ್‌ಪಿಎಂ ದಾಟಿದ ಮೇಲೆ. ಹೊಗೆ ನಿಯಂತ್ರಣಕ್ಕಾಗಿ ಕಡಿಮೆ ಕಂಪ್ರೆಷನ್ನಿನ ಮೂಲ ಎಂಜಿನ್‌ಗೆ ನಿಗದಿಯಾದ ಅಂಕಿ ಅದು. ಸ್ಮಾಲ್‌ಬ್ಲಾಕ್ ಎಂದು ಕರೆಯುವ ಷೆವರ್ಲೆಯ ಈ ವಿ8 ಕುಟುಂಬ 1955ರಲ್ಲಿ ಬಂದದ್ದು. ನಿಮ್ಮಲ್ಲಿರುವಂಥ ಹಳೆಯ ಕಬ್ಬಿಣದ ಹೆಡ್‌ಗಳಲ್ಲಿ ಜ್ವಾಲೆ ನಿಧಾನವಾಗಿ ಹರಡುವುದರಿಂದ ಪೂರ್ತಿ ಥ್ರಾಟಲ್‌ನಲ್ಲಿ 34ರಿಂದ 36 ಡಿಗ್ರಿ ಬೇಕಾಗುತ್ತದೆ. 1996ರ ನಂತರದ ವೋರ್ಟೆಕ್ ಹೆಡ್ ಇದ್ದಿದ್ದರೆ 32ರ ಸುಮಾರಿಗೇ ಕೆಲಸ ಮುಗಿಯುತ್ತಿತ್ತು. ಹೆಚ್ಚು ಅಡ್ವಾನ್ಸ್ ಬೇಡುವ ಎಂಜಿನ್ ಹೆಚ್ಚು ಶಕ್ತಿಯದು ಎಂಬ ಭಾವನೆ ತಪ್ಪು. ಚೆನ್ನಾಗಿ ಉರಿಸುವ ಎಂಜಿನ್‌ಗೆ ಕಡಿಮೆ ಅಡ್ವಾನ್ಸ್ ಸಾಕು.

ಕಿಡಿಯೊಡನೆ ಮಿಣುಕುವ ಟೈಮಿಂಗ್ ಲೈಟ್ ಹಿಡಿಯುವ ಮುನ್ನ ಕ್ರ್ಯಾಂಕಿನ ಮುಂಭಾಗದಲ್ಲಿ ಅದುರುವಿಕೆ ತಗ್ಗಿಸಲು ಇರುವ ಚಕ್ರವನ್ನು, ಅಂದರೆ ಹಾರ್ಮೋನಿಕ್ ಬ್ಯಾಲೆನ್ಸರನ್ನು, ಪರೀಕ್ಷಿಸಲೇಬೇಕು. ಅದರ ನಡುವಿನ ಗುಂಭಕ್ಕೂ ಹೊರಗಿನ ಕಬ್ಬಿಣದ ಬಳೆಗೂ ನಡುವೆ ರಬ್ಬರ್ ಪದರವಿರುತ್ತದೆ. ದಶಕಗಳ ಬಿಸಿ ಮತ್ತು ಎಣ್ಣೆಯಿಂದ ರಬ್ಬರ್ ಸಡಿಲವಾದರೆ ಬಳೆ ಜಾರುತ್ತದೆ. ಬಳೆಯ ಮೇಲಿರುವ ಟಿಡಿಸಿ ಗೆರೆಯೂ ಅದರೊಡನೆ ಜಾರುತ್ತದೆ. ಸಾಲದೆಂಬಂತೆ ಷೆವರ್ಲೆ ಕಂಪನಿಯು ಗೆರೆಯ ಜಾಗವನ್ನೂ ಟೈಮಿಂಗ್ ಕವರಿನ ಮೇಲಿನ ಅಂಕಿಪಟ್ಟಿಯ ಜಾಗವನ್ನೂ ವರ್ಷದಿಂದ ವರ್ಷಕ್ಕೆ ಬದಲಿಸಿದೆ. ಹಿಂದಿನ ಮಾಲೀಕರು ಒಂದು ವರ್ಷದ ಕವರಿಗೆ ಇನ್ನೊಂದು ವರ್ಷದ ಬ್ಯಾಲೆನ್ಸರ್ ಹಾಕಿಸಿದ್ದರೆ ನೀವು ಓದುವ 8 ನಿಜಕ್ಕೂ 8 ಆಗಿರಲಿಕ್ಕಿಲ್ಲ.

ನಿಜವಾದ ಟಿಡಿಸಿ ಹುಡುಕಲು ಪಿಸ್ಟನ್ ಸ್ಟಾಪ್ ಎಂಬ ಸಣ್ಣ ಸಾಧನ ಸಾಕು. ಬ್ಯಾಟರಿ ತಂತಿ ಕಳಚಿ, ಎಂಟೂ ಪ್ಲಗ್ ತೆಗೆದು, ಚಾಲಕನ ಬದಿಯ ಮೊದಲ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಅದನ್ನು ತಿರುಪಿ. ಈ ಎಂಜಿನ್ನಿನಲ್ಲಿ ಒಂದನೇ ಸಿಲಿಂಡರ್ ಅದೇ. ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಪಿಸ್ಟನ್ ಮೆಲ್ಲನೆ ತಾಗುವವರೆಗೆ ತಿರುಗಿಸಿ, ಅಂಕಿಪಟ್ಟಿಯ ಸೊನ್ನೆಯ ಎದುರಿಗೆ ಬ್ಯಾಲೆನ್ಸರಿನ ಮೇಲೆ ಗೆರೆ ಎಳೆಯಿರಿ. ವಿರುದ್ಧ ದಿಕ್ಕಿಗೆ ಮತ್ತೆ ತಾಗುವವರೆಗೆ ತಿರುಗಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡರ ನಟ್ಟನಡುವೆ ಇರುವುದೇ ಟಿಡಿಸಿ. ಕಾರ್ಖಾನೆಯ ಗೆರೆ ಅದರ ಮೇಲೆಯೇ ಬಂದರೆ ನಿಶ್ಚಿಂತೆಯಿಂದಿರಿ. ಬಾರದಿದ್ದರೆ, ಬಳೆ ಜಾರಿರುವ ಸಂಶಯವಿದ್ದಲ್ಲಿ, ಬ್ಯಾಲೆನ್ಸರ್ ಬದಲಿಸಿ. ಜಾರಿದ ಬಳೆಗೆ ಹೊಸ ಗೆರೆ ಬರೆದುಕೊಂಡು ಓಡಿಸುವವರಿದ್ದಾರೆ. ಅದು ಅಪಾಯಕರ, ಇಂದು ಜಾರಿದ್ದು ನಾಳೆಯೂ ಜಾರುತ್ತದೆ. ಸ್ಟಾಪ್ ಹಾಕಿರುವಾಗ ಸ್ಟಾರ್ಟರ್ ಮೋಟಾರನ್ನು ಯಾವ ಕಾರಣಕ್ಕೂ ತಿರುಗಿಸಕೂಡದು. ಪಿಸ್ಟನ್ನಿಗೆ ತೂತು ಬೀಳುತ್ತದೆ.

ನಿಮ್ಮ ಅಂಕಿಪಟ್ಟಿಯಲ್ಲಿ 34ರವರೆಗೆ ಗುರುತು ಇರಲಾರದು. ಬ್ಯಾಲೆನ್ಸರಿನ ವ್ಯಾಸ 8 ಅಂಗುಲವಾದರೆ ಅದರ ಸುತ್ತಳತೆ 25.13 ಅಂಗುಲ. ಅದನ್ನು 360ರಿಂದ ಭಾಗಿಸಿ 34ರಿಂದ ಗುಣಿಸಿದರೆ 2.37 ಅಂಗುಲ ಬರುತ್ತದೆ, ವ್ಯಾಸ 6.75 ಅಂಗುಲವಾದರೆ 2.00 ಅಂಗುಲ. ಬಟ್ಟೆ ಅಳೆಯುವ ಟೇಪಿನಿಂದ ಅಷ್ಟು ದೂರವನ್ನು ಟಿಡಿಸಿ ಗೆರೆಯಿಂದ ಅಳೆದು ಬಿಳಿ ಬಣ್ಣದ ಗೆರೆ ಹಾಕಿಕೊಳ್ಳಿ. ಮುಂದಿನಿಂದ ನೋಡಿದಾಗ ಎಂಜಿನ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಹೊಸ ಗೆರೆ, ಟಿಡಿಸಿ ಗೆರೆಗಿಂತ ಮೊದಲು ಸೊನ್ನೆಯನ್ನು ಹಾಯುವ ಬದಿಯಲ್ಲಿರಬೇಕು.

ಈಗ ಎಂಜಿನ್ ಪೂರ್ತಿ ಬಿಸಿಯಾಗಲಿ. ಎಂಜಿನ್ನಿನ ಹೀರುವಿಕೆಯಿಂದ (ವ್ಯಾಕ್ಯೂಮ್) ಅಡ್ವಾನ್ಸ್ ಹೆಚ್ಚಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯ ಹೋಸನ್ನು ಡಿಸ್ಟ್ರಿಬ್ಯೂಟರಿನಿಂದ ಕಳಚಿ, ಕಾರ್ಬ್ಯುರೇಟರ್ ಕಡೆಯ ಬಾಯಿಯನ್ನು ಮುಚ್ಚಿರಿ. ಲೈಟಿನ ಕ್ಲಿಪ್ಪನ್ನು ಒಂದನೇ ಪ್ಲಗ್ಗಿನ ತಂತಿಗೆ ಹಾಕಿ, ಸಹಾಯಕರೊಬ್ಬರಿಂದ ನಿಧಾನವಾಗಿ ರೇಸ್ ಕೊಡಿಸಿ. ಆರ್‌ಪಿಎಂ ಏರಿದಂತೆ ಗೆರೆ ಸರಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಮತ್ತಷ್ಟು ರೇಸ್ ಕೊಟ್ಟರೂ ಅದು ಕದಲದಿದ್ದರೆ ತೂಕಗಳು ಪೂರ್ತಿ ತೆರೆದಿವೆ ಎಂದರ್ಥ. ಆ ವೇಗದಲ್ಲಿಯೇ ಬಿಳಿ ಗೆರೆ ಸೊನ್ನೆಗೆ ಬರುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಬೇಕು. ಸ್ಮಾಲ್‌ಬ್ಲಾಕಿನ ರೋಟರ್ ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುವುದರಿಂದ, ಅಡ್ವಾನ್ಸ್ ಹೆಚ್ಚಿಸಲು ಬಾಡಿಯನ್ನು ಅದಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಡಿಸ್ಟ್ರಿಬ್ಯೂಟರ್ ತಿರುಗುವುದು ಒಂದೇ ಸುತ್ತು. ಆದ್ದರಿಂದ ಕೈಯಲ್ಲಿ ಒಂದು ಡಿಗ್ರಿ ತಿರುಗಿಸಿದರೂ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ ಬದಲಾಗುತ್ತದೆ. ಕೂದಲೆಳೆಯಷ್ಟೇ ಕದಲಿಸಿ, ಕ್ಲ್ಯಾಂಪಿನ 9/16 ಅಂಗುಲದ ಬೋಲ್ಟ್ ಬಿಗಿಮಾಡಿ, ಮತ್ತೊಮ್ಮೆ ಲೈಟ್ ಹಿಡಿದು ನೋಡಿ. ಬಿಗಿಮಾಡುವಾಗ ಬಾಡಿ ತುಸು ಜಾರುವುದು ಸಾಮಾನ್ಯ. ಒಂದು ಎಚ್ಚರಿಕೆ: ಲೈಟಿನ ಮಿಣುಕಿನಲ್ಲಿ ತಿರುಗುತ್ತಿರುವ ಫ್ಯಾನ್ ನಿಂತಂತೆ ಕಾಣಬಹುದು. ಕೈ, ತಂತಿ, ಅಂಗಿಯ ತೋಳು ಅದರ ಹತ್ತಿರ ಸುಳಿಯಬಾರದು.

ಟೋಟಲ್ 34ಕ್ಕೆ ಕೂತ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟಿದೆ ಎಂದು ನೋಡಿ. 14ರ ಆಸುಪಾಸು ಬಂದರೆ ನಿಮ್ಮ ಕ್ಯಾಮ್‌ಗೆ ಚೆನ್ನಾಗಿಯೇ ಹೊಂದುತ್ತದೆ. ದೊಡ್ಡ ಕ್ಯಾಮ್ ಇದ್ದಾಗ ಐಡ್ಲಿಂಗ್‌ನಲ್ಲಿ ಸುಟ್ಟ ಅನಿಲ ಹೆಚ್ಚು ಬೆರೆತು ಉರಿ ನಿಧಾನವಾಗುವುದರಿಂದ ಎಂಜಿನ್ ಹೆಚ್ಚು ಅಡ್ವಾನ್ಸ್ ಕೇಳುತ್ತದೆ. 8 ಡಿಗ್ರಿಯಲ್ಲಿ ಸಿಗ್ನಲ್ ಹತ್ತಿರ ಬಿಸಿಯೇರುತ್ತಿದ್ದುದಕ್ಕೂ ಮುಖ್ಯ ಕಾರಣ ಇದೇ ಇರಬೇಕು: ತಡವಾಗಿ ಹೊತ್ತಿಕೊಂಡ ಮಿಶ್ರಣ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿಯುತ್ತಲೇ ಇದ್ದು, ಆ ಶಾಖ ಪಿಸ್ಟನ್ನನ್ನು ದೂಡುವ ಬದಲು ಹೆಡ್ಡಿಗೂ ನೀರಿಗೂ ಸೇರುತ್ತದೆ. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಮೋಟಾರ್ ತಡೆದು ತಡೆದು ತಿರುಗಿದರೆ ಮಾತ್ರ ಐಡ್ಲಿಂಗ್ ಅಡ್ವಾನ್ಸ್ ಅತಿಯಾಗಿದೆ ಎಂದು ತಿಳಿಯಿರಿ. ಆಗ ಟೋಟಲ್ ಅನ್ನು ಕಡಿಮೆ ಮಾಡಬೇಡಿ, ಡಿಸ್ಟ್ರಿಬ್ಯೂಟರಿನ ತೂಕ ಮತ್ತು ಸ್ಪ್ರಿಂಗುಗಳನ್ನು ಬದಲಿಸಿ. ಹಗುರವಾದ ಸ್ಪ್ರಿಂಗ್ ಹಾಕಿ ಟೋಟಲ್ 3,000 ಆರ್‌ಪಿಎಂ ಆಸುಪಾಸಿನಲ್ಲಿ ಬರುವಂತೆ ಮಾಡಿದರೆ ಪಿಕಪ್ ಕೂಡ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ವ್ಯಾಕ್ಯೂಮ್ ಅಡ್ವಾನ್ಸನ್ನು ‘ರೇಸಿಂಗ್ ಎಂಜಿನ್‌ಗೆ ಬೇಡ’ ಎಂದು ಕಿತ್ತೆಸೆಯುವವರ ಮಾತಿಗೆ ಕಿವಿಗೊಡಬೇಡಿ. ಥ್ರಾಟಲ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುವುದೇ ಇಲ್ಲ. ಹಾಗಾಗಿ ಅದು ಪೂರ್ತಿ ಶಕ್ತಿಯ ಹೊತ್ತಿನಲ್ಲಿ ಅಡ್ಡಬರುವುದಿಲ್ಲ. ಹೆದ್ದಾರಿಯಲ್ಲಿ ಸಲೀಸಾಗಿ ಹೋಗುವಾಗ ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಆಗ 10–15 ಡಿಗ್ರಿ ಹೆಚ್ಚುವರಿ ಅಡ್ವಾನ್ಸ್ ಎಂಜಿನನ್ನು ತಂಪಾಗಿಡುತ್ತದೆ, ಪೆಟ್ರೋಲನ್ನೂ ಉಳಿಸುತ್ತದೆ. ಆಗಸ್ಟ್ ಬಿಸಿಲಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಆಮೆವೇಗದಲ್ಲಿ ಸಾಗುವ ನಿಮ್ಮ ಗಾಡಿಗೆ ಹೋಸನ್ನು ನೇರವಾಗಿ ಮ್ಯಾನಿಫೋಲ್ಡಿಗೆ ಜೋಡಿಸಿ ನೋಡಿ ಎಂಬುದು ನನ್ನ ಸಲಹೆ. ಐಡ್ಲಿಂಗ್‌ನಲ್ಲಿ ನಿಮ್ಮ ವ್ಯಾಕ್ಯೂಮ್ ಎಷ್ಟಿದೆ ಎಂದು ಗೇಜಿನಿಂದ ಅಳೆದು, ಅದಕ್ಕಿಂತ ಸುಮಾರು 2 ಅಂಗುಲ (ಪಾದರಸದ ಅಳತೆ) ಕಡಿಮೆಯಲ್ಲಿಯೇ ಪೂರ್ತಿ ಎಳೆದುಕೊಳ್ಳುವ ಡಬ್ಬಿಯನ್ನು ಆರಿಸಿ. ಇಲ್ಲದಿದ್ದರೆ ಡಯಾಫ್ರಮ್ ಹಿಂದೆ ಮುಂದೆ ಅದುರಿ ಐಡ್ಲಿಂಗ್ ನಿಲ್ಲುವುದಿಲ್ಲ.

ಕೊನೆಯದಾಗಿ, 34ರಿಂದ 36ಕ್ಕೆ ಹೋಗಬೇಕೇ ಎಂಬ ಪ್ರಶ್ನೆಯನ್ನು ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಅಥವಾ ಡ್ರ್ಯಾಗ್ ಸ್ಟ್ರಿಪ್ (ಕಾಲು ಮೈಲಿಯ ನೇರ ಓಟದ ದಾರಿ) ತೀರ್ಮಾನಿಸಲಿ. ಕಾಲು ಮೈಲಿಯ ಕೊನೆಯಲ್ಲಿ ದಾಖಲಾಗುವ ವೇಗವನ್ನು ನೋಡಿ. ಒಟ್ಟು ಸಮಯಕ್ಕಿಂತ ಅದು ಎಂಜಿನ್ ಶಕ್ತಿಯನ್ನು ಚೆನ್ನಾಗಿ ತೋರಿಸುತ್ತದೆ. 2 ಡಿಗ್ರಿ ಹೆಚ್ಚಿಸಿದಾಗ ವೇಗ ಏರದಿದ್ದರೆ ಹಿಂದಕ್ಕೆ ಬನ್ನಿ. ಶಿಖರದ ಸುತ್ತ ಶಕ್ತಿಯ ರೇಖೆ ಬಹುತೇಕ ಸಮತಟ್ಟು. ಎರಡು ಡಿಗ್ರಿ ಕಡಿಮೆಯಾದರೆ ಕಳೆದುಕೊಳ್ಳುವುದು ಅತ್ಯಲ್ಪ, ಹೆಚ್ಚಾದರೆ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಉರಿಯುವುದು) ಶುರುವಾಗಿ ಪಿಸ್ಟನ್ನಿನ ರಿಂಗ್ ಪಟ್ಟಿಗಳು ಮುರಿಯಬಹುದು. ಜೋರಾದ ಸೈಲೆನ್ಸರಿನ ಸದ್ದಿನಲ್ಲಿ ನಾಕಿಂಗ್ ಕಿವಿಗೆ ಬೀಳದೇ ಹೋಗಬಹುದಾದ್ದರಿಂದ ಪೂರ್ತಿ ಥ್ರಾಟಲ್ ಓಟದ ನಂತರ ಪ್ಲಗ್ ಬಿಚ್ಚಿ ಬಿಳಿಯ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಅಥವಾ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಅದೇ ದಿನ ಟೈಮಿಂಗ್ ಕಡಿಮೆ ಮಾಡಿ.

ಪ್ರಶ್ನೆ: ಮಡಿಕೇರಿಯಲ್ಲಿ ನನ್ನ ಬಳಿ ಕಾರ್ಬ್ಯುರೇಟರ್ ಇರುವ ಹಳೆಯ 1.3 ಲೀಟರ್ ಮಾರುತಿ ಜಿಪ್ಸಿ ಇದೆ. ರ‍್ಯಾಲಿಗಾಗಿ ಹೆಡ್ ಫೇಸಿಂಗ್ (ಹೆಡ್ಡಿನ ಅಡಿಯನ್ನು ತುಸು ಸವರಿ ತೆಗೆಯುವುದು) ಮಾಡಿಸಿದೆ. ಟೈಮಿಂಗನ್ನು ಮೆಕ್ಯಾನಿಕ್ ಕಿವಿಯಿಂದಲೇ ಹೊಂದಿಸಿದರು. ಮಡಿಕೇರಿಯಲ್ಲಿ ಚೆನ್ನಾಗಿಯೇ ಓಡುವ ಗಾಡಿ, ಸುಳ್ಯದಿಂದ ಸಂಪಾಜೆ ಘಾಟಿ ಹತ್ತುವಾಗ ನಾಕಿಂಗ್ ಮಾಡುತ್ತದೆ. ಅದಕ್ಕಾಗಿ ಕಿಡಿ ತಡವಾಗಿ ಹಾರುವಂತೆ ರಿಟಾರ್ಡ್ ಮಾಡಿಸಿದರೆ ಎಳೆತವೇ ಇಲ್ಲ, ಎಂಜಿನ್ ಕಾಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಗಾಡಿ ಎರಡು ಊರಿನಲ್ಲಿ ಎರಡು ಥರ ವರ್ತಿಸುವುದರಲ್ಲಿ ಅಚ್ಚರಿಯಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಸಿಲಿಂಡರಿಗೆ ತುಂಬುವ ಗಾಳಿ ಕಡಿಮೆಯಾದರೆ ಒತ್ತಡವೂ ಕಡಿಮೆ, ನಾಕಿಂಗ್ ಕೂಡ ಕಡಿಮೆ. ಮೇಲೆ ಕಿವಿಗೆ ಹಿತವಾಗಿ ಕೇಳಿದ ಟೈಮಿಂಗ್, ಘಾಟಿಯ ಬುಡದ ಬಿಸಿ ಮತ್ತು ದಟ್ಟ ಗಾಳಿಯಲ್ಲಿ, ಅದೂ ಮೇಲಿನ ಗೇರಿನಲ್ಲಿ ಥ್ರಾಟಲ್ ಒತ್ತಿ ಹತ್ತುವಾಗ, ಅತಿಯಾಗುತ್ತದೆ. ಆದ್ದರಿಂದ ಟೈಮಿಂಗನ್ನು ಸುಳ್ಯದ ಕಡೆಯ ತಗ್ಗಿನಲ್ಲಿ ಹೊಂದಿಸಿ, ಮಡಿಕೇರಿಯಲ್ಲಿ ತುಸು ಕಡಿಮೆಯಾದರೂ ಸಹಿಸಿಕೊಳ್ಳಬೇಕು.

ಫೇಸಿಂಗ್ ಮಾಡಿಸಿದ್ದರ ಪರಿಣಾಮವನ್ನೂ ಗಮನಿಸಿ. ನಿಮ್ಮ ಎಂಜಿನ್ನಿನ ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ.; ಒಂದು ಸಿಲಿಂಡರಿನ ಗಾತ್ರ ಸುಮಾರು 325 ಸಿಸಿ. ಮೊದಲು ಕಂಪ್ರೆಷನ್ 9 ಇತ್ತು ಎಂದುಕೊಂಡರೆ, ಹೆಡ್ಡಿನಿಂದ ಅರ್ಧ ಮಿ.ಮೀ. ತೆಗೆದಾಗ ಅದು 9.4ರವರೆಗೆ ಏರಬಹುದು. ಇದರ ಜೊತೆಗೆ ಕ್ಯಾಮ್‌ಷಾಫ್ಟ್ ಕ್ರ್ಯಾಂಕಿಗೆ ಅಷ್ಟು ಹತ್ತಿರವಾಗುವುದರಿಂದ ಟೈಮಿಂಗ್ ಬೆಲ್ಟಿನ ಮೂಲಕ ಕ್ಯಾಮ್ ತುಸು ಹಿಂದುಳಿಯುತ್ತದೆ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮ್‌ನ ತುದಿಯಿಂದಲೇ ಆದ್ದರಿಂದ ಕಿಡಿಯೂ ಹಿಂದುಳಿಯುತ್ತದೆ. ಹೆಡ್ ಕೆಲಸ ಆದ ಮೇಲೆ ಹಳೆಯ ಗುರುತಿಗೇ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಸಾಲದು, ಲೈಟ್ ಹಿಡಿದು ನೋಡಲೇಬೇಕು. ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದಂಥ ಸದ್ದನ್ನು ಗುರುತಿಸುವ ಅನುಭವಿ ಕಿವಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕಿವಿಗೆ ಟೈಮಿಂಗ್ ಅತಿಯಾದದ್ದು ಗೊತ್ತಾಗುತ್ತದೆ, ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ನಿಮ್ಮ ಎಂಜಿನ್ ಕಾಯುತ್ತಿರುವುದು ಆ ಎರಡನೆಯ ಕಾರಣಕ್ಕೆ.

ಪೆಟ್ರೋಲಿನ ವಿಷಯ. ನಮ್ಮ ಬಿಎಸ್‌6 ಮಾನದಂಡದ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91, ಪ್ರೀಮಿಯಂನದು 95. ಅಮೆರಿಕದ ಬಂಕುಗಳಲ್ಲಿ ಬರೆದಿರುವ ಅಂಕಿ ಬೇರೆ ಲೆಕ್ಕದ್ದು. ಅಲ್ಲಿನ 87 ನಮ್ಮ 91ಕ್ಕೆ ಹತ್ತಿರ, ಅಲ್ಲಿನ 93 ನಮ್ಮ 97–98ಕ್ಕೆ. ಆದ್ದರಿಂದ ಅಲ್ಲಿನವರು ‘91ರಲ್ಲಿ ಚೆನ್ನಾಗಿ ಓಡುತ್ತದೆ’ ಎಂದು ಹೇಳುವ ಸೆಟ್ಟಿಂಗನ್ನು ನಮ್ಮ 91ರ ಪೆಟ್ರೋಲಿಗೆ ತರಬೇಡಿ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಈಗ ಎಲ್ಲೆಡೆ ಹಬ್ಬಿರುವ ಶೇ. 20 ಎಥನಾಲ್ ಪೆಟ್ರೋಲು ನಾಕಿಂಗನ್ನು ತಡೆಯಲು ನೆರವಾಗುತ್ತದೆ, ಎಥನಾಲಿನ ಆಕ್ಟೇನ್ ಅಷ್ಟು ಹೆಚ್ಚು. ಆದರೆ ಅದಕ್ಕೆ ಬೇಕಾದ ಗಾಳಿ ಕಡಿಮೆ. ಹಳೆಯ ಜೆಟ್‌ಗಳನ್ನೇ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರಗಳು) ಉಳಿಸಿಕೊಂಡ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗಿ, ಅದರಿಂದಲೇ ಎಳೆತ ಕುಂದಿ ಎಂಜಿನ್ ಕಾಯಬಹುದು. ಮೊದಲು ಜೆಟ್ ಸರಿಪಡಿಸಿ, ಹಳೆಯ ರಬ್ಬರ್ ಹೋಸುಗಳನ್ನು ಬದಲಿಸಿ, ಆನಂತರ ಟೈಮಿಂಗಿಗೆ ಕೈಹಾಕಿ. ಮಿಶ್ರಣ ತಪ್ಪಿರುವಾಗ ಹೊಂದಿಸಿದ ಟೈಮಿಂಗ್, ಮಿಶ್ರಣ ಸರಿಯಾದ ದಿನ ತಪ್ಪಾಗುತ್ತದೆ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಫಾರ್ಮುಲಾ ಮಾದರಿಯ ಸ್ಪರ್ಧೆಗಾಗಿ ಒಂದೇ ಸಿಲಿಂಡರಿನ ಮೋಟಾರ್‌ಸೈಕಲ್ ಎಂಜಿನ್‌ಗೆ ಪ್ರೋಗ್ರಾಮ್ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜೋಡಿಸಿದ್ದೇವೆ. ಲ್ಯಾಪ್‌ಟಾಪಿನಲ್ಲಿ 10 ಡಿಗ್ರಿ ಎಂದು ತೋರಿಸಿದರೆ ಡಯಲ್ ಇರುವ ಟೈಮಿಂಗ್ ಲೈಟ್ 20 ತೋರಿಸುತ್ತದೆ. ಯಾವುದು ನಿಜ?

ಉತ್ತರ: ಬಹುಮಟ್ಟಿಗೆ ಲ್ಯಾಪ್‌ಟಾಪಿನದು. ಡಯಲ್ ಇರುವ ಲೈಟು, ಎರಡು ಸುತ್ತಿಗೆ ಒಂದೇ ಕಿಡಿ ಎಂದು ಎಣಿಸಿಕೊಂಡು ಮಿಣುಕನ್ನು ತಡಮಾಡುತ್ತದೆ. ನಿಮ್ಮ ಇಸಿಯು ಪ್ರತಿ ಸುತ್ತಿಗೂ ಕಿಡಿ ಹಾರಿಸುವಂತೆ, ಅಂದರೆ ಎಕ್ಸಾಸ್ಟ್ ಹೊತ್ತಿನಲ್ಲೂ ಒಂದು ವ್ಯರ್ಥ ಕಿಡಿ ಬರುವಂತೆ, ಹೊಂದಿಸಿರಬೇಕು. ಆಗ ಡಯಲಿನ ಅಂಕಿ ಇಮ್ಮಡಿಯಾಗುತ್ತದೆ. ಡಯಲನ್ನು ಸೊನ್ನೆಗೆ ತಿರುಗಿಸಿ, ಫ್ಲೈವೀಲಿನ ಮೇಲೆ ನೀವೇ ಅಳೆದು ಬರೆದ 10 ಡಿಗ್ರಿಯ ಗೆರೆಯನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ.

ಪರೀಕ್ಷಿಸುವಾಗ ಇಸಿಯುನಲ್ಲಿ ಟೈಮಿಂಗನ್ನು 10ಕ್ಕೆ ಕಟ್ಟಿಹಾಕಿ, ಐಡ್ಲಿಂಗ್‌ನಿಂದ 5,000 ಆರ್‌ಪಿಎಂವರೆಗೆ ರೇಸ್ ಕೊಡಿ. ಗೆರೆ ಎಲ್ಲ ವೇಗದಲ್ಲೂ ಒಂದೇ ಕಡೆ ನಿಂತು, ಆದರೆ 10ರ ಬದಲು 13ರಲ್ಲಿ ನಿಂತರೆ ಇಸಿಯುನಲ್ಲಿ ಟ್ರಿಗರ್ ಕೋನದ (ಕ್ರ್ಯಾಂಕ್ ಸೆನ್ಸರಿನ ಗುರುತಿಗೂ ಟಿಡಿಸಿಗೂ ನಡುವಿನ ಅಂತರದ) ಸಂಖ್ಯೆಯನ್ನು ಮೂರು ಡಿಗ್ರಿ ತಿದ್ದಬೇಕು. ವೇಗದೊಂದಿಗೆ ಗೆರೆ ಜಾರುತ್ತ ಹೋದರೆ ಸಂಖ್ಯೆಗಳನ್ನು ತಿದ್ದಲು ಹೋಗಬೇಡಿ. ಕ್ರ್ಯಾಂಕ್ ಸೆನ್ಸರಿನ ಎರಡು ತಂತಿಗಳು ಅದಲುಬದಲಾಗಿ ಅಲೆಯ ತಪ್ಪು ಬದಿಯನ್ನು ಇಸಿಯು ಎಣಿಸುತ್ತಿರುವುದು ಇದಕ್ಕೆ ಪದೇ ಪದೇ ಕಾಣುವ ಕಾರಣ. ಕೆಲವು ಲೈಟುಗಳಲ್ಲಿ ಲೈಟಿನದೇ ವಿಳಂಬದಿಂದಲೂ ಹೆಚ್ಚಿನ ವೇಗದಲ್ಲಿ ಒಂದೆರಡು ಡಿಗ್ರಿ ಹಿಂದುಳಿದಂತೆ ಕಾಣುತ್ತದೆ. ಹಾಗಾಗಿ ಇನ್ನೊಂದು ಲೈಟ್ ತಂದು ಹೋಲಿಸಿ ನೋಡುವುದು ಒಳ್ಳೆಯದು.

ಇದಿಷ್ಟು ಸರಿಹೋದ ಮೇಲೆಯೇ ಡೈನೊ ಹತ್ತಬೇಕು. ಆರ್‌ಪಿಎಂ ಮತ್ತು ಥ್ರಾಟಲ್ ಎರಡನ್ನೂ ಒಂದು ಬಿಂದುವಿನಲ್ಲಿ ಹಿಡಿದು, ಮಿಶ್ರಣವನ್ನು ಕದಲಿಸದೆ, ಕಡಿಮೆ ಅಡ್ವಾನ್ಸಿನಿಂದ ಆರಂಭಿಸಿ 2 ಡಿಗ್ರಿಯಂತೆ ಏರಿಸುತ್ತ ಟಾರ್ಕ್ ಗುರುತಿಸಿಕೊಳ್ಳಿ. ಟಾರ್ಕ್ ಏರುವುದು ನಿಂತ ಕೂಡಲೇ ಒಂದೆರಡು ಡಿಗ್ರಿ ಹಿಂದೆ ಬಂದು ಆ ಅಂಕಿಯನ್ನು ಮ್ಯಾಪಿಗೆ (ಇಸಿಯುನಲ್ಲಿರುವ ಟೈಮಿಂಗ್ ಅಂಕಿಗಳ ಕೋಷ್ಟಕ) ಬರೆಯಿರಿ. ಟಾರ್ಕ್ ನಿಲ್ಲುವ ಮೊದಲೇ ನಾಕಿಂಗ್ ಬಂದರೆ ಅಲ್ಲಿಂದ ಇನ್ನೂ ಹೆಚ್ಚು ಹಿಂದೆ ಬನ್ನಿ. ಇಡೀ ಮ್ಯಾಪಿನ ಪ್ರತಿ ಚೌಕಕ್ಕೂ ಹೀಗೆ ಮಾಡಲು ಸಮಯ ಸಾಲದಿದ್ದರೆ, ಕಾರು ಟ್ರ್ಯಾಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಚೌಕಗಳನ್ನು ಹಳೆಯ ಓಟದ ದಾಖಲೆಯಿಂದ ಆರಿಸಿ ಅವನ್ನು ಮೊದಲು ಮುಗಿಸಿ. ಉಳಿದವುಗಳಿಗೆ ಅಕ್ಕಪಕ್ಕದ ಅಂಕಿಗಳ ನಡುವೆ ನಯವಾಗಿ ಹೊಂದಿಸಿದರೆ ಈ ಸ್ಪರ್ಧೆಯ ಮಟ್ಟಿಗೆ ಸಾಕು.